ಬೇಕಂತಲೇ ಸೋಲುವ ಅಪ್ಪ

ಜುಲೈ ೯, ಬುಧವಾರ

ಪ್ರೀತಿಯ ಅಮ್ಮನಿಗೆ ನಿನ್ನ ಮಗಳ ನಮಸ್ಕಾರ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ ಅಂತ ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಮೊದಲು ಬೈದು ಮುಗಿಸು, ಆಮೇಲೆ ಓದು. ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲಾ ಬಾಟಲಿಯನ್ನು ಕಪಾಟಿನಲ್ಲಿ ಅಲಂಕಾರಕ್ಕೆ ಇಟ್ಟಿದ್ದೀಯಾ?

ಮಗಳದ್ದೇನು ಕೆಲಸ ಅಂತ ಕೇಳಿದವರಿಗೆಲ್ಲ "ಆಸ್ಪತ್ರೇಲಿ ಮಕ್ಕಳ ಜೊತೆ ಆಟ ಆಡ್ಕೊಂಡು ಸಂಬಳ ತಗೋತಾಳೆ" ಅಂತೀಯಂತೆ. ಪಕ್ಕದ ಮನೆಯಾಕೆ ಚಾಡಿ ಹೇಳಿದಳು. ಅದೇನೂ ಸುಳ್ಳಲ್ಲ ಬಿಡು. ವಾಸಿಯಾಗದ ಕಾಯಿಲೆಯ ಮಕ್ಕಳಿರುವ ವಾರ್ಡು ನಮ್ಮದು. ನೋವಿಗೆ ಔಷಧಿ ಕೊಡುವವರು ಡಾಕ್ಟರು, ನರ್ಸುಗಳು. ಆ ಮಕ್ಕಳ, ಅವರ ಮನೆಯವರ ಭಯದ ಜೊತೆ ಕೂರುವವಳು ನಾನು. ಆಟ ಆಡುತ್ತಲೇ ಕೂರಬೇಕು. ಈ ಸಲ ಅದೇ ಆಟದಲ್ಲಿ ನಾವೊಂದು ದೊಡ್ಡ ವಿಷಯ ಗೆದ್ದಿದ್ದೇವೆ, ನಿನಗೆ ಹೇಳದೆ ನನಗೆ ಸಮಾಧಾನವಿಲ್ಲ.

ಕಿಟಕಿ ಪಕ್ಕದ ಮಂಚದಲ್ಲಿ ಹನ್ನೊಂದು ವರ್ಷದ ಹುಡುಗಿಯಿದ್ದಳು. ನರ್ಸುಗಳು ಇಟ್ಟ ಹೆಸರು ವಕೀಲಮ್ಮ. ಮಾತ್ರೆ ಕೊಟ್ಟರೂ "ನಿನ್ನೆ ಬಿಳೀದಿತ್ತು, ಇವತ್ತ್ಯಾಕೆ ಹಳದಿ?" ಅಂತ ಪಾಟೀಸವಾಲು. ಅಪ್ಪ ಬಸ್ ಡ್ರೈವರು. ಸಂಜೆ ಡ್ಯೂಟಿ ಮುಗಿಸಿ ಯೂನಿಫಾರಂನಲ್ಲೇ ಬಂದು, ಮಂಚದ ಮೇಲೆ ಕೇರಂ ಬೋರ್ಡ್ ಇಟ್ಟು ಮಗಳ ಜೊತೆ ಆಡುವರು. ಆಟದಲ್ಲಿ ಕಟ್ಟಿಕೊಂಡ ಹೆಂಡತಿಗೂ ಬಿಟ್ಟುಕೊಟ್ಟವರಲ್ಲವಂತೆ. ಕಾಯಿಲೆ ವಾಸಿಯಾಗುವುದಿಲ್ಲ ಅಂತ ಡಾಕ್ಟರು ತಿಳಿಸಿದ ಮೇಲೆ, "ಅವಳ ಕಿವಿಗೇನಾದ್ರೂ ಬಿತ್ತೋ, ನಾನು ಸುಮ್ನಿರಲ್ಲ" ಅಂತ ನಮಗೆಲ್ಲ ತಾಕೀತು ಮಾಡಿದರು. ಐದು ವರ್ಷದ ಮಗ ಪುಟ್ಟ ಏನಾದರೂ ಬಾಯಿಬಿಟ್ಟಾನು ಅಂತ ಅವನನ್ನು ವಾರ್ಡಿನ ಕಡೆಗೇ ಕರೆತರಲಿಲ್ಲ. ತಾಯಿ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು, ಮುಖ ತೊಳೆದು, ನಗುತ್ತ ಬರುತ್ತಿದ್ದರು.

ಒಂದು ಮಧ್ಯಾಹ್ನ ತಾಯಿ ಊಟಕ್ಕೆ ಹೋಗಿದ್ದಾಗ ವಕೀಲಮ್ಮ ನನ್ನನ್ನು ಹತ್ತಿರ ಕರೆದಳು.

"ಅಕ್ಕಾ, ಅಪ್ಪ ಬೇಕಂತಲೇ ಸೋಲ್ತಿದ್ದಾನೆ. ನಿನ್ನೆ ರೆಡ್ ಪಾಕೆಟ್ ಬಾಯಲ್ಲೇ ಕೂತಿತ್ತು. ಉಫ್ ಅಂದ್ರೂ ಬೀಳೋದು. ಅಪ್ಪ ಬೇರೆ ಕಡೆಗೇ ಹೊಡೆದ. ನಾನು ಸಾಯ್ತೀನಿ, ಅದಕ್ಕೇ ತಾನೆ?"

ಸುಳ್ಳು ಹೇಳುವಂತಿಲ್ಲ, ಅಪ್ಪನನ್ನು ದಾಟಿ ನಿಜ ಹೇಳುವಂತೆಯೂ ಇಲ್ಲ. "ಇದಕ್ಕೆ ಉತ್ತರ ಯಾರ ಬಾಯಿಂದ ಕೇಳ್ಬೇಕು ಅನ್ಸುತ್ತೆ ನಿಂಗೆ?" ಅಂದೆ.

"ಅಪ್ಪನ ಬಾಯಿಂದ. ಆದ್ರೆ ಅವನು ಅತ್ತುಬಿಡ್ತಾನೆ, ಪಾಪ. ಅದಕ್ಕೇ ನಾನೂ ಗೆದ್ದೆ ಗೆದ್ದೆ ಅಂತ ಕೂಗ್ತೀನಿ."

ನೋಡಿದೆಯಾ? ಅಪ್ಪ ಮಗಳಿಗಾಗಿ ಸೋಲುವುದು, ಮಗಳು ಅಪ್ಪನಿಗಾಗಿ ಕೂಗುವುದು. ಒಬ್ಬರ ಮುಂದೊಬ್ಬರು ನಾಟಕ ಆಡುತ್ತ ಇಬ್ಬರೂ ಒಳಗೊಳಗೇ ಬೇಯುತ್ತಿದ್ದರು.

ಸಂಜೆ ಅವಳಪ್ಪ ಬಂದಾಗ ಅವರನ್ನು ಲಿಫ್ಟಿನ ಬಳಿಯೇ ತಡೆದು ವಿಷಯ ಹೇಳಿದೆ. ಕೆಂಡಾಮಂಡಲವಾದರು. "ಯಾರು ಹೇಳಿದ್ದು ಅವಳಿಗೆ? ನೀವೇನಾ?"

"ನೀವೇ ಹೇಳಿದ್ದು ಸಾರ್. ಆ ರೆಡ್ ಬಿಟ್ರಲ್ಲ, ಆವಾಗ."

ಆತ ಗೋಡೆಗೊರಗಿ ನೆಲದ ಮೇಲೆ ಕೂತೇಬಿಟ್ಟರು. "ನಡುರಸ್ತೇಲಿ ಬಸ್ ಕೆಟ್ಟು ನಿಂತ್ರೆ ಜನಕ್ಕೆ ಏನ್ ಹೇಳ್ಬೇಕು ಅಂತ ಗೊತ್ತು ನಂಗೆ. ಇದನ್ನ ಹೆಂಗೆ ಹೇಳ್ಲಿ ಮೇಡಂ?" ನಾನೂ ಪಕ್ಕದಲ್ಲೇ ಕೂತೆ. ಅವಳು ಕೇಳಿದ್ದಕ್ಕೆ ಉತ್ತರ ಕೊಡಿ, ಕೇಳದ್ದನ್ನು ಹೇರಬೇಡಿ, ಅಳು ಬಂದರೆ ಅಳಿ, ಆದರೆ ಎದ್ದು ಹೋಗಬೇಡಿ ಅಂದೆ. ನಾನು ಹೇಳಿಕೊಟ್ಟಿದ್ದು ಅಷ್ಟೇ.

ಅವತ್ತು ಆತ ಆಡಿದ ಆಟ ನೀನು ನೋಡಬೇಕಿತ್ತು! ದಯೆ ದಾಕ್ಷಿಣ್ಯ ಒಂದೂ ಇಲ್ಲ. ಪಟಪಟ ಅಂತ ಕಾಯಿಗಳೆಲ್ಲ ಒಳಗೆ, ಹಿಂದೆಯೇ ರೆಡ್. ಪಕ್ಕದ ಮಂಚದ ಮಗುವಿನ ಅಜ್ಜಿ "ಹುಷಾರಿಲ್ಲದ ಕೂಸಿನ ಹತ್ರ ಹಿಂಗಾ ಆಡೋದು!" ಅಂತ ಗದರಿದರು. ವಕೀಲಮ್ಮ ಖಾಲಿ ಬೋರ್ಡನ್ನೇ ನೋಡುತ್ತ ಕೂತಳು. ಆಮೇಲೆ ಅವಳ ಮುಖ ಅರಳಿತು.

"ಈಗ ನೀನು ನನ್ನಪ್ಪ. ಈಗ ಹೇಳು."

ಹೇಳಿದರು. "ಇದನ್ನ ವಾಸಿ ಮಾಡೋ ಔಷಧಿ ಯಾರ ಹತ್ರಾನೂ ಇಲ್ಲ ಕಂದಾ." ನೋವಾಗುತ್ತಾ ಅಂತ ಕೇಳಿದಳು. ನೋವಿಗೆ ಔಷಧಿ ಇದೆ, ಅದನ್ನ ತಪ್ಪಿಸಲ್ಲ ಅಂದರು. ಜೊತೆಗೆ ಯಾರಿರ್ತಾರೆ ಅಂತ ಕೇಳಿದಳು. ಅದಕ್ಕೆ ತಾಯಿ ಚಪ್ಪಲಿ ಬಿಟ್ಟು, ಮಂಚ ಹತ್ತಿ, ಮಗಳನ್ನು ತಬ್ಬಿಕೊಂಡು ಮಲಗಿದರು. ಮೂವರೂ ಒಟ್ಟಿಗೆ ಅತ್ತರು. ಕಣ್ಣೊರೆಸಿಕೊಂಡ ಮೇಲೆ ವಕೀಲಮ್ಮ ಜಡ್ಜಮ್ಮನಾದಳು: ತನಗೆ ಮನೆಗೆ ಹೋಗಬೇಕು, ಅದಕ್ಕೂ ಮೊದಲು ಪುಟ್ಟನನ್ನು ಕರೆಸಬೇಕು.

ಮಾರನೆಯ ದಿನ ಪುಟ್ಟ ಬಂದ. ಅಪ್ಪ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ್ದನ್ನೆಲ್ಲ ಕೇಳಿದ. ಸ್ವಲ್ಪ ಯೋಚಿಸಿ, "ಹಂಗಾದ್ರೆ ಅಕ್ಕನ ಸೈಕಲ್ ನಂಗಾ?" ಅಂದ. ವಕೀಲಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿಂಗೇ ಕಣೋ. ಮೊದ್ಲು ಬ್ರೇಕ್ ಹಿಡಿಯೋದು ಕಲಿ. ನಾನೇ ಕಲಿಸ್ತೀನಿ ಬಾ."

ಈಗ ಮನೆಯಲ್ಲಿದ್ದಾಳೆ. ನಮ್ಮ ನರ್ಸು ಹೋಗಿ ನೋಡಿಕೊಂಡು ಬರುತ್ತಾಳೆ. ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ತಮ್ಮನಿಗೆ ಬೈದು ಬೈದು ಸೈಕಲ್ ಕಲಿಸುತ್ತಿದ್ದಾಳಂತೆ. ನಿನ್ನೆ ಬಸ್ ಡಿಪೋದಿಂದ ಅವರಪ್ಪನ ಫೋನು. "ಮೇಡಂ, ಸೋತೆ! ನಿಜವಾಗ್ಲೂ ಸೋತೆ! ಎಷ್ಟು ಒದ್ದಾಡಿದ್ರೂ ರೆಡ್ ಬಿಟ್ಟುಕೊಡ್ಲಿಲ್ಲ ನನ್ ಮಗಳು!" ಇಡೀ ಡಿಪೋಗೆ ಕೇಳುವಂತೆ ಕೂಗುತ್ತಿದ್ದರು. ನಾನು ಕಾರಿಡಾರಿನಲ್ಲೇ ಕುಣಿದೆ. ದೊಡ್ಡ ಡಾಕ್ಟರು ನೋಡಿದರು, ನೋಡಲಿ! ಅವಳು ಉಳಿಯುವುದಿಲ್ಲ ಅಮ್ಮಾ, ಅದೇನೂ ಬದಲಾಗಿಲ್ಲ. ಆದರೆ ಆ ಮನೆಯಲ್ಲಿ ಈಗ ಯಾರೂ ಒಬ್ಬರೇ ಕೂತು ಅಳುತ್ತಿಲ್ಲ. ಇದನ್ನು ಗೆಲುವು ಅನ್ನದೆ ಇನ್ನೇನನ್ನಲಿ? ಖುಷಿಗೆ ನನಗೆ ರಾತ್ರಿ ಊಟವೂ ಸೇರಲಿಲ್ಲ.

ಆ ಮಗುವಿಗೂ ನನಗೂ ನಿನ್ನ ಆಶೀರ್ವಾದವಿರಲಿ. ಭಾನುವಾರ ಬರುತ್ತೇನೆ.

ನಿನ್ನ ಆಟದ ಮಗಳು

ತಾ.ಕ.: ನಾನು ಚಿಕ್ಕವಳಿದ್ದಾಗ ನನ್ನ ತಮ್ಮ ಆಸ್ಪತ್ರೆ ಸೇರಿದ, ನೀನು ನನ್ನನ್ನು ಚಿಕ್ಕಮ್ಮನ ಮನೆಗೆ ಕಳಿಸಿದೆ. ವಾಪಸು ಬಂದಾಗ ಅವನ ಹಾಸಿಗೆಯೂ ಇರಲಿಲ್ಲ, ಬಟ್ಟೆಯೂ ಇರಲಿಲ್ಲ. ನೀನು ನಗುತ್ತ ಬಡಿಸಿದೆ, ನಾನೂ ನಗುತ್ತ ಉಂಡೆ. ಆಮೇಲೆ ನಾವಿಬ್ಬರೂ ಅವನ ಹೆಸರೆತ್ತಲಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ ಅಮ್ಮಾ, ಆಗ ನಿನ್ನ ಪಕ್ಕದಲ್ಲಿ ಕೂರುವವರು ಯಾರೂ ಇರಲಿಲ್ಲ. ಭಾನುವಾರ ನಾನು ಕೂರುತ್ತೇನೆ, ಎದ್ದು ಹೋಗುವುದಿಲ್ಲ. ನನಗೆ ಒಂದೇ ಒಂದು ಹೇಳು ಸಾಕು. ಕೊನೆಗೆ ಅವನು, ಅಕ್ಕ ಎಲ್ಲಿ ಅಂತ ಕೇಳಿದನಾ?