ಪ್ರಾಪ್ತಿ ಅಕ್ಕ ಕೊಟ್ಟ ಸೈನ್ಯ

ಮೂಡುಬಿದಿರೆ,
ಶುಕ್ರವಾರ

ಪ್ರೀತಿಯ ಪ್ರಾಪ್ತಿ ಅಕ್ಕನಿಗೆ,

ಇಲ್ಲಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಕೆಲಸ ನನಗೆ ಸಿಕ್ಕಿತು. ಮನೆಯವರನ್ನು ಬಿಟ್ಟರೆ ಮೊದಲು ತಿಳಿಸುತ್ತಿರುವುದು ನಿಮಗೇ.

ಉಜಿರೆಯ ನಿಮ್ಮ ಮನೆಯ ಜಗಲಿಗೆ ನಾನು ಮೊದಲ ಸಲ ಬಂದಾಗ ನೀವೆಲ್ಲ ದಾಳ ಉರುಳಿಸಿ ಕಥೆ ಕಟ್ಟುವ ಆಟದಲ್ಲಿದ್ದಿರಿ. ವೀರರ ಪಾತ್ರಗಳೆಲ್ಲ ಹಂಚಿಹೋಗಿದ್ದವು. ನನ್ನ ಮಾತು ತೊದಲುತ್ತದೆಂದು ಗೊತ್ತಿದ್ದೂ, ಆಟ ನಡೆಸುವ ನೀವು, "ಸಾಬಿತ್, ನೀನು ಕಥೆಯ ಹಳ್ಳಿಗೆ ಹೋಗಿ, ಅಲ್ಲಿನ ಜನರನ್ನು ಒಪ್ಪಿಸಿ ನಮಗೆ ಸೈನಿಕರಾಗಿ ಕರ್ಕೊಂಡು ಬಾ" ಎಂದಿರಿ. ಹಳ್ಳಿಯ ಮುದುಕಿಯಾಗಿ ನೀವೇ ಎದುರು ಕುಳಿತಿರಿ. ನಾನು ಒಂದು ಶಬ್ದಕ್ಕೆ ಒದ್ದಾಡುವಾಗ ಎಲ್ಲರೂ ಅದನ್ನು ತಾವೇ ಮುಗಿಸಿಬಿಡುತ್ತಾರೆ. ನೀವು ಮುಗಿಸಲಿಲ್ಲ. "ನಿಧಾನ ಹೇಳು ಮಗಾ, ಅವಸರ ಇಲ್ಲ" ಎಂದು ಕಾದಿರಿ. ಕೊನೆಗೆ ಮುದುಕಿ ತನ್ನ ಇಬ್ಬರು ಮಕ್ಕಳನ್ನು ಕಳುಹಿಸಿದಳು, ಊರಿನ ಉಳಿದವರೂ ಹಿಂದೆ ಬಂದರು.

ಆಟದಲ್ಲಿ ಶತ್ರುಗಳ ಕೋಟೆಯ ಬಾಗಿಲು ತಲುಪಿದಾಗ, ವೀರನ ಪಾತ್ರದಲ್ಲಿದ್ದ ನಮ್ಮ ಲತೇಶ, "ನಿನ್ನವರನ್ನು ಮುಂದೆ ಬಿಡು ಮಾರಾಯ, ಸತ್ತರೆ ಬೇರೆಯವರು ಸಿಗ್ತಾರೆ" ಎಂದಾಗ ನನಗೆ ಸಿಟ್ಟು ಬಂತು. "ನನ್ನ ಮಾತು ನಂಬಿ ಬಂದವರು ಇವರು. ಮೊದಲು ನೀನು ಹೋಗು" ಎಂದೆ. ಅಷ್ಟು ಹೇಳಲು ತುಂಬ ಹೊತ್ತು ಹಿಡಿಯಿತು. ಆದರೆ ಲತೇಶ ಮೊದಲು ಹೋದ.

ಮೊನ್ನೆ ಸಂದರ್ಶನದಲ್ಲಿ ಒಬ್ಬರು ನನ್ನ ಮಾತು ಮುಗಿಸಲು ಬಂದರು. "ಸ್ವಲ್ಪ ನಿಲ್ಲಿ ಸರ್, ನಾನೇ ಹೇಳ್ತೇನೆ" ಎಂದೆ. ಅವರು ಕಾದರು.

ನಿಮ್ಮ ಉಪಕಾರ ಮರೆಯುವುದಿಲ್ಲ ಅಕ್ಕ. ಭಾನುವಾರದ ಆಟಕ್ಕೆ ಇಲ್ಲಿಂದ ಬಸ್ಸು ಹಿಡಿದು ಬರುವಾಗ ತಡವಾಗಬಹುದು. ಅಲ್ಲಿಯವರೆಗೆ ನನ್ನ ಸೈನಿಕರಿಗೆ ಊಟ ಹಾಕಿ ಬಿಡಾರದಲ್ಲೇ ಇರಿಸಿ. ಲತೇಶ ಎಷ್ಟು ಕೇಳಿದರೂ ಅವರನ್ನು ಕೊಡಬೇಡಿ.

ನಿಮ್ಮ ದಳಪತಿ,
ಸಾಬಿತ್