ಹದಿನಾರನೇ ಸದ್ದು

ಮನೆಯಿಂದ, ಮಾರ್ಚ್ ೧೨, ಬೆಳಗಿನ ಹೊತ್ತು

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಳ್ಳುತ್ತೀ ತಾನೆ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಾನೊಬ್ಬಳೇ ಎಲ್ಲ ಪಾತ್ರಗಳ ಮಾತನ್ನೂ ಆಡಿಕೊಳ್ಳುವುದನ್ನು ಕೇಳಿ ಕೇಳಿ ನಿನ್ನ ಅಳಿಯ ಮಾತ್ರ ಸೋತಿದ್ದಾರೆ. ಭಾನುವಾರ ನನ್ನ ರೇಡಿಯೊ ನಾಟಕ ಬರುತ್ತದೆ ಎಂದು ಅಕ್ಕ ಹೇಳಿದ್ದಕ್ಕೆ, "ಕೇಳದ ಕಿವಿಗೆ ನಾಟಕ ಯಾಕೆ, ನಾನು ವಾಕಿಂಗ್ ಹೋಗ್ತೀನಿ" ಅಂದೆಯಂತೆ. ಹೋಗಬೇಡಮ್ಮಾ. ಮೊದಲು ಇದನ್ನು ಪೂರ್ತಿ ಓದು.

ಬರೆದದ್ದು ರೇಡಿಯೊ ಕೇಂದ್ರದಿಂದ ಎರಡು ಸಲ ವಾಪಸು ಬಂದಿತ್ತು. ನಿರ್ದೇಶಕಿಗೆ ಕಥೆ ಹಿಡಿಸಿತ್ತು, ಬರೆದ ರೀತಿ ಹಿಡಿಸಿರಲಿಲ್ಲ. ಬಾಗಿಲು ತೆರೆಯುವ ಸದ್ದಿಗೇ ನಾಲ್ಕು ಸಾಲು ಬರೆದಿದ್ದೆ, ಮುದುಕರೊಬ್ಬರು ಮಂಡಿ ಹಿಡಿದು ಏಳುವ ಹಾಗೆ ಎಂದೆಲ್ಲ. ಸದ್ದು ಕೂಡಿಸುವಾತನಿಗೆ ಅಲ್ಲಿ ಎಲ್ಲರೂ ಸದ್ದಪ್ಪ ಅನ್ನುತ್ತಾರೆ. "ಮೇಡಂ, ಬಾಗಿಲು ಕಿರ್ ಅಂದ್ರೆ ಸಾಕು, ಅದರ ಕಷ್ಟಸುಖ ನಾನ್ಯಾಕೆ ವಿಚಾರಿಸ್ಲಿ?" ಅಂದ. ನಿನ್ನ ಕಿವಿ ಪೂರ್ತಿ ಕೇಳದಾದ ಮೇಲೆ ಪ್ರತಿ ಸದ್ದನ್ನೂ ನಿನಗೆ ಬರೆದು ತೋರಿಸಿಯೇ ನನಗೆ ಅಭ್ಯಾಸ ಎಂದು ಅವನಿಗೆ ಹೇಗೆ ಹೇಳಲಿ?

ಆಗ ನಿನ್ನ ಬೆರಳಚ್ಚು ನೆನಪಾಯಿತು. ಆಫೀಸಿನಲ್ಲಿ ದಿನವಿಡೀ ಟೈಪ್ ಮಾಡಿ ಬಂದು ನನ್ನ ಎಂ.ಎ. ಪ್ರಬಂಧವನ್ನೂ ನೀನೇ ಟೈಪ್ ಹೊಡೆದುಕೊಟ್ಟೆಯಲ್ಲ; "ಅಂಚು ಬಿಡೇ, ಕಾಗದಾನೂ ಉಸಿರಾಡ್ಬೇಕು" ಅನ್ನುತ್ತಿದ್ದೆ. ನಾನೂ ಹಾಗೇ ಬರೆಯಲು ಕೂತೆ. ಎಡಗಡೆ ಪಾತ್ರದ ಹೆಸರು, ಬಲಗಡೆ ಮಾತು. ಪ್ರತಿ ಸದ್ದಿಗೂ ಒಂದು ಅಂಕಿ, ಕೆಳಗೊಂದು ಗೆರೆ. ಒಬ್ಬರ ಮಾತು ಮುಂದಿನ ಹಾಳೆಗೆ ಹರಿಯದಂತೆ ನೋಡಿಕೊಂಡೆ, ಇಲ್ಲದಿದ್ದರೆ ಹಾಳೆ ತಿರುವುವ ಸದ್ದು ಮೈಕಿಗೆ ಸಿಕ್ಕಿಬಿಡುತ್ತದೆ. ನಿರ್ದೇಶಕಿ ನೋಡಿ, "ಯಾರ ಹತ್ರ ಕಲಿತ್ರಿ?" ಅಂದರು. "ಅಮ್ಮನ ಹತ್ರ" ಅಂದೆ. ಪ್ರಬಂಧ ಕೈಗಿಟ್ಟ ದಿನವೇ ನಿನಗೊಂದು ಥ್ಯಾಂಕ್ಸ್ ಹೇಳಬೇಕಿತ್ತು, ಎತ್ತಿಕೊಂಡು ಓಡಿಬಿಟ್ಟಿದ್ದೆ. ಇಂದು ಹೇಳುತ್ತಿದ್ದೇನೆ.

ಇದರ ಜೊತೆ ಇಟ್ಟಿರುವ ನಾಟಕದ ಪ್ರತಿ ನಿನಗೊಬ್ಬಳಿಗೇ. ಸದ್ದಪ್ಪ ಬೇಡವೆಂದದ್ದೆಲ್ಲ ಇದರಲ್ಲಿದೆ, ಬಾಗಿಲಿನ ಕಷ್ಟಸುಖವೂ. ಯಾವ ಸಾಲು ಯಾವ ನಿಮಿಷಕ್ಕೆ ಬರುತ್ತದೆಂದು ಅಂಚಿನಲ್ಲಿ ಬರೆದಿದ್ದೇನೆ. ಭಾನುವಾರ ಸಂಜೆ ಐದಕ್ಕೆ ಗಡಿಯಾರ ಮುಂದಿಟ್ಟುಕೊಂಡು ಓದು. ನಾವು ಕೇಳುವ ಸಾಲಿನಲ್ಲೇ ನೀನೂ ಇರುತ್ತೀ.

ಅಕ್ಕ, ಭಾವ ಇಬ್ಬರಿಗೂ ನನ್ನ ನೆನಪು ಹೇಳು. ನಿನ್ನ ಬೆರಳುಗಳಿಗೆ ನನ್ನ ನಮಸ್ಕಾರ.

ನಿನ್ನ ಕಿರಿಯವಳು

ಮರೆತಿದ್ದೆ: ಹನ್ನೊಂದನೇ ಹಾಳೆಯಲ್ಲಿ ಹದಿನಾರನೇ ಸದ್ದಿನ ಮುಂದೆ ಏನೂ ಬರೆದಿಲ್ಲ. ತಪ್ಪೆಂದು ಪೆನ್ಸಿಲ್ ಎತ್ತಬೇಡ. ಅಲ್ಲಿ ಓದು ನಿಲ್ಲಿಸಿ ರೇಡಿಯೊದ ಮೇಲೆ ಅಂಗೈ ಇಡು. ಅಕ್ಕ ಕಿವಿ ಮುಚ್ಚಿಕೊಂಡರೂ ಸರಿ, ದನಿ ಪೂರ್ತಿ ಏರಿಸಲಿ. ಆ ಸದ್ದಿಗೆಂದು ಅಟ್ಟದಲ್ಲಿದ್ದ ನಿನ್ನ ಟೈಪ್‌ರೈಟರನ್ನು ಮೈಕಿನ ಮುಂದೆ ಇಟ್ಟಿದ್ದೆವು. ಹೊಡೆದದ್ದು ನಾನೇ. ಬೆರಳು ತಡವರಿಸಿದ್ದು ನಿನ್ನ ಅಂಗೈಗೆ ಗೊತ್ತಾಗದೇ ಇರದು. ಬೈದು ಬರೆ.