ಲಗ್ನಪತ್ರಿಕೆಯಂಥ ರೆಸ್ಯೂಮ್

ರೀ,

ನಿಮ್ಮ ನಿದ್ದಿ ಕೆಡಸಾಕ ಮನಸ್ಸಾಗಲಿಲ್ಲ, ಹಂಗ ಶಾಲಿಗೆ ಹೊಂಟೇನಿ. ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟೇನಿ. ಉಣ್ಣದ ಹೋಗಬ್ಯಾಡ್ರಿ.

ಗದಗಿನ ಕಂಪನಿಗೆ ಕಳಸಾಕ ನೀವು ಮಾಡಿದ ರೆಸ್ಯೂಮ್ ನೋಡಿದೆ. ಪಣಜಿ ಪ್ರೆಸ್ಸಿನ್ಯಾಗ ಲಗ್ನಪತ್ರಿಕಿ ಮಾಡಿ ಮಾಡಿ ನಿಮಗ ಅದ ಚಟ ಆಗೇತಿ! ಸುತ್ತೆಲ್ಲಾ ಬಳ್ಳಿ, ಮ್ಯಾಲೆ ಹೂವಿನ ಚೌಕಟ್ಟು, ಅದರೊಳಗ ಫೋನ್ ನಂಬರ್, ಅದೂ ಮಾವಾರದು, ಕಾಕಾರದು ಎಲ್ಲಾ ಸೇರಿಸಿ. ಅದನ್ನ ಮದಲ ಓದೂದು ಮಂದಿ ಅಲ್ರಿ, ಕಂಪ್ಯೂಟರ್. ಚೌಕಟ್ಟಿನೊಳಗಿಂದು ಅದಕ್ಕ ಓದಾಕ ಬರಲಿಲ್ಲಂದ್ರ ನಿಮಗ ಫೋನ್ ಹಚ್ಚಾವ್ರು ಯಾರು?

ಬಳ್ಳಿ, ಹೂವು ಎಲ್ಲಾ ತಗೀರಿ. ಹೆಸರಿನ ಕೆಳಗ ಸಾದಾ ಅಕ್ಷರದಾಗ ನಿಮ್ಮದೊಂದ ನಂಬರ್, ಇಮೇಲ್ ಬರೀರಿ. ಸಾಕು.

ಇನ್ನೊಂದು. ಊರಿನ ಜಾಗಾದಾಗ ಪಣಜಿ ಅಂತ ಹಾಕೀರಿ. ಓದಿ ಸಿಟ್ಟೂ ಬಂತು, ಅಳೂನೂ ಬಂತು. ಅಲ್ಲಿರೂದು ನಿಮ್ಮ ಬಾಡಿಗಿ ಖೋಲಿ ಅಷ್ಟ. ಅದನ್ನ ಅಳಸಿ ನಮ್ಮೂರ ಹೆಸರು, ಲಕ್ಷ್ಮೇಶ್ವರ ಅಂತ ಬರೀರಿ.

ನಿಮ್ಮ ಸೂಟಿ ಮುಗೀತು. ಸಂಜಿಕ್ಕ ನಾ ಬರೂದ್ರೊಳಗ ನೀವು ಪಣಜಿ ಬಸ್ ಹತ್ತಿರ್ತೀರಿ. ರೆಸ್ಯೂಮಿನ್ಯಾಗರ ಮನ್ಯಾಗ ಇರ್ರಿ.

ನೀಲಾ